ಕಪ್ಪೆಯ ಹಿಂದೆ ಹೊರಟ ಪ್ರವಾಸ

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದರೆ ಗೂಳೂರು ಸಿಗುತ್ತದೆ. ಅದರ ಹತ್ತಿರವೇ ಕೈದಾಳ. ಅಲ್ಲಿನ ಚೆನ್ನಕೇಶವ ದೇವಸ್ಥಾನದ ಮಹಾದ್ವಾರದ ಕಂಬದ ಮೇಲೆ ಒಂದೂವರೆ ಅಡಿ ಎತ್ತರದ ಉಬ್ಬುಶಿಲ್ಪವೊಂದಿದೆ: ಉತ್ತರೀಯ ಹೊದ್ದು, ಕೈಮುಗಿದು ನಿಂತ ಗಂಡಸು. ಬಂದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 'ನೋಡಿ, ಇವನೇ ಅಮರಶಿಲ್ಪಿ ಜಕಣಾಚಾರಿ.' ಆ ಮನುಷ್ಯನ ಸೊಂಟದಲ್ಲಿರುವುದು ಉಳಿಯಲ್ಲ, ಕಠಾರಿ ಎಂಬುದನ್ನು ನೋಡುವ ವ್ಯವಧಾನ ಯಾರಿಗಿದೆ?

ಕಥೆ ಎಲ್ಲರಿಗೂ ಬಾಯಿಪಾಠ. ಜಕಣ ಕಡೆದ ಬೇಲೂರಿನ ವಿಗ್ರಹದಲ್ಲಿ ದೋಷವಿದೆ ಎಂದ ಹುಡುಗ, ಹೊಕ್ಕುಳ ಬಳಿ ಆರದೆ ಉಳಿದ ಗಂಧ, ಉಳಿಯ ಪೆಟ್ಟಿಗೆ ಹೊರಬಿದ್ದ ಕಪ್ಪೆ, ಮಾತಿಗೆ ತಪ್ಪದೆ ಕತ್ತರಿಸಿಕೊಂಡ ಕೈ, ಹುಡುಗ ಮಗನೇ ಎಂಬ ಗುಟ್ಟು, ಕೊನೆಗೆ ಕೈದಾಳದಲ್ಲಿ ಕೇಶವನನ್ನು ಕಡೆದಾಗ ಮರಳಿ ಬಂದ ಕೈ. ಬಿ.ಎಸ್. ರಂಗಾ 1964ರಲ್ಲಿ ಇದನ್ನೇ ತೆರೆಗೆ ತಂದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಎಂಬ ಹೆಗ್ಗಳಿಕೆ 'ಅಮರಶಿಲ್ಪಿ ಜಕಣಾಚಾರಿ'ಯದು. ಕಲ್ಯಾಣ್ ಕುಮಾರ್, ಸರೋಜಾದೇವಿಯರನ್ನು ಬಣ್ಣದಲ್ಲಿ ಕಂಡ ಮೇಲೆ ಶಾಸನ ಓದುವ ಗೋಜಿಗೆ ಹೋಗುವವರು ಕಡಿಮೆಯೇ. ಕಥೆಯ ಮೇಲೆ ಯಾರಿಗೂ ಮುನಿಸಿಲ್ಲ, ಅಪ್ಪಟ ಕಥೆ ಅದು. ಸಿಟ್ಟು ಬರುವುದು, ಅದನ್ನೇ ನಕ್ಷೆ ಮಾಡಿಕೊಂಡು ಮೂರು ದಿನದ ಪ್ರವಾಸ ಹೊರಡುವವರನ್ನು ಕಂಡಾಗ. ಮೊದಲ ದಿನ ಬೇಲೂರು–ಹಳೇಬೀಡು, ಎರಡನೆಯ ದಿನ ಸೋಮನಾಥಪುರ, ಮೂರನೆಯ ದಿನ ಕೈದಾಳ, 'ಎಲ್ಲ ಒಬ್ಬನದೇ ಕೆಲಸ ನೋಡಿ, ಒಂದೇ ಸುತ್ತಿನಲ್ಲಿ ಮುಗಿಸಿಬಿಡೋಣ.'

ಕಪ್ಪೆಯಿಂದಲೇ ಶುರು ಮಾಡೋಣ, ಹೆಚ್ಚು ಜನ ನಂಬುವುದು ಅದನ್ನೇ. ಹೊಯ್ಸಳರ ಶಿಲ್ಪಿಗಳು ಬಳಸಿದ ಬಳಪದ ಕಲ್ಲು ಭೂಮಿಯ ಒಳಗಿನ ಕಾವು, ಒತ್ತಡಗಳಲ್ಲಿ ರೂಪಾಂತರಗೊಂಡ ಶಿಲೆ. ಈ ಸೀಮೆಯ ಧಾರವಾಡ ಶಿಲಾಪಟ್ಟಿಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಕಪ್ಪೆಯ ಕುಲ ಭೂಮಿಯ ಮೇಲೆ ಕಾಣಿಸಿಕೊಂಡು ಹೆಚ್ಚೆಂದರೆ 25 ಕೋಟಿ ವರ್ಷ. ಕಲ್ಲು ಗಟ್ಟಿಯಾಗಿ ಇನ್ನೂರು ಕೋಟಿ ವರ್ಷ ಕಳೆದ ಮೇಲೆ ಹುಟ್ಟಿದ ಪ್ರಾಣಿ ಅದರ ಗರ್ಭದೊಳಗೆ ಹೋಗಿ ಕುಳಿತದ್ದು ಯಾವ ಬಾಗಿಲಿನಿಂದ?

ಕಲ್ಲಿನೊಳಗೆ ಬದುಕಿದ ಕಪ್ಪೆ ನಮ್ಮಲ್ಲಷ್ಟೇ ಹುಟ್ಟಿದ್ದೂ ಅಲ್ಲ. ಬಂಡೆ ಒಡೆದಾಗ ಜೀವಂತ ಕಪ್ಪೆ ಜಿಗಿಯಿತು ಎಂಬ ಸುದ್ದಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಗಾಗ ಏಳುತ್ತಿತ್ತು. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್‌ಗೆ ಇದು ತಲೆನೋವಾಗಿ, 1825ರಲ್ಲಿ ಎರಡು ಬಗೆಯ ಕಲ್ಲಿನಲ್ಲಿ ಗುಳಿ ಕೊರೆಸಿ, 24 ನೆಲಗಪ್ಪೆಗಳನ್ನು ಒಂದೊಂದರಲ್ಲಿ ಒಂದೊಂದರಂತೆ ಇಟ್ಟು, ಗಾಜಿನಿಂದ ಮುಚ್ಚಿ ತೋಟದಲ್ಲಿ ಹೂಳಿದ. ವರ್ಷದ ಮೇಲೆ ತೆಗೆದು ನೋಡಿದರೆ ಒತ್ತಾದ ಮರಳುಗಲ್ಲಿನೊಳಗಿನವು ಸತ್ತಿದ್ದವು. ಗಾಳಿ, ನೀರು ಜಿನುಗುವ ಸುಣ್ಣಕಲ್ಲಿನೊಳಗಿದ್ದ ದೊಡ್ಡ ಕಪ್ಪೆಗಳಲ್ಲಿ ಹಲವು ಬದುಕಿದ್ದವು. ಮತ್ತೆ ಮುಚ್ಚಿಟ್ಟ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಒಂದೂ ಉಳಿಯಲಿಲ್ಲ. ಪಾಪ ಆ ಕಪ್ಪೆಗಳು. ಇಷ್ಟಾದರೂ ಬೇಲೂರಿನಲ್ಲಿ ವಿಗ್ರಹದ ಹೊಕ್ಕುಳ ತೋರಿಸುವುದು ನಿಂತಿಲ್ಲ, ನೋಡಲು ಕತ್ತು ಚಾಚುವುದೂ ನಿಂತಿಲ್ಲ.

ಇಸವಿಗಳ ಲೆಕ್ಕವೂ ಕೂಡುವುದಿಲ್ಲ. ಬೇಲೂರಿನ ಪ್ರತಿಷ್ಠೆ 1117ರಲ್ಲಿ, ಕೈದಾಳದ್ದು 1150ರ ಆಸುಪಾಸಿನಲ್ಲಿ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಬ್ಬನ ಆಯುಸ್ಸಿನಲ್ಲಿ ಹಿಡಿಯಬಹುದಿತ್ತು. ಆದರೆ ಜನ ನಿಲ್ಲಿಸುವುದಿಲ್ಲ. ಚಾಲುಕ್ಯರ ಕಾಲದ ಇಟಗಿಯ ಮಹಾದೇವ ದೇವಾಲಯ, 1112. ಅದೂ ಜಕಣನದೇ. ಸೋಮನಾಥಪುರ, 1258. ಅದೂ ಅವನದೇ. ಉಳಿ ಹಿಡಿದ ವಯಸ್ಸು ಹದಿನೈದು ಅಂತ ಇಟ್ಟುಕೊಂಡರೂ ಸೋಮನಾಥಪುರ ಮುಗಿಯುವಾಗ ಆತನಿಗೆ 160 ದಾಟಿರಬೇಕು. ಅದರಲ್ಲಿ ಸುಮಾರು ಮೂವತ್ತು ವರ್ಷ ಒಂದೇ ಕೈಯಲ್ಲಿ!

ಇದರಲ್ಲಿ ನಗುವುದಕ್ಕಿಂತ ಬೇಸರಪಡುವ ವಿಷಯವೊಂದಿದೆ. ಆ ಕಾಲದ ಶಿಲ್ಪಿಗಳು ಅನಾಮಿಕರಾಗಿದ್ದರೆ ಒಂದು ಕಲ್ಪಿತ ಹೆಸರಿಟ್ಟು ಗೌರವಿಸಿದ್ದು ಸರಿ ಎನ್ನಬಹುದಿತ್ತು. ಹೊಯ್ಸಳ ಶಿಲ್ಪಿಗಳು ಅನಾಮಿಕರಲ್ಲ. ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೊರೆದು ಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ, ಚಿಕ್ಕಹಂಪ, ನಾಗೋಜ, ಪದರಿ ಮಲ್ಲೋಜ ಇದ್ದಾರೆ. ಅಪ್ಪ–ಮಗನ ಕಥೆ ಬೇಕಿದ್ದರೆ ದಾಸೋಜ–ಚಾವಣರದು ಅಲ್ಲೇ ಕಲ್ಲಿನ ಮೇಲಿದೆ, ಯಾರೂ ಕೈ ಕತ್ತರಿಸಿಕೊಳ್ಳಬೇಕಾಗಿಲ್ಲ. ನುಗ್ಗೇಹಳ್ಳಿಯಲ್ಲಿ ಬೈಚೋಜ, ಅರಳಗುಪ್ಪೆಯಲ್ಲಿ ಹೊನ್ನೋಜ. ಮಲ್ಲಿತಮ್ಮನ ಸಹಿಯಂತೂ 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ಆರು ದಶಕ ಉದ್ದಕ್ಕೂ ಸಿಗುತ್ತದೆ. ಬೇಲೂರಿನಲ್ಲಿ ಓದಿಕೊಂಡ ಸಹಿಗಳಲ್ಲಿ ಇಲ್ಲದ ಹೆಸರು ಒಂದೇ, ಜಕಣಾಚಾರಿಯದು. ಆತನ ಹೆಸರಿನಲ್ಲಿ ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ, ಜನವರಿ 1ರಂದು ಸಂಸ್ಮರಣೆ ನಡೆಸುತ್ತದೆ. ಮಲ್ಲಿತಮ್ಮನಿಗೆ ಯಾವ ತಾರೀಖು?

ಕೈದಾಳಕ್ಕೆ ಮರಳೋಣ. ಬೇಲೂರಿನ ತಮ್ಮನನ್ನು ನೋಡುವ ಆಸೆಯಿಂದ ಬಂದವರಿಗೆ ಇಲ್ಲಿ ನಿರಾಸೆ ಗ್ಯಾರಂಟಿ. ನಕ್ಷತ್ರಾಕಾರದ ಜಗತಿ ಇಲ್ಲ, ಆನೆಸಾಲು ಇಲ್ಲ. ಹೊರನೋಟಕ್ಕೆ ಇದು ದ್ರಾವಿಡ ಶೈಲಿಯ ಗುಡಿ, ಆಮೇಲಿನ ಕಾಲದವರ ಕೈಯೂ ಆಡಿದೆ. 'ಇಷ್ಟೇನಾ' ಎಂದು ಹತ್ತು ನಿಮಿಷದಲ್ಲಿ ಕಾರು ಹತ್ತುವವರು ಪಕ್ಕದ ಗಂಗಾಧರೇಶ್ವರ ಗುಡಿಯತ್ತ ತಿರುಗಿಯೂ ನೋಡುವುದಿಲ್ಲ. ಈ ಗುಡಿಗಳನ್ನು ಕಟ್ಟಿಸಿದವನು ಹೊಯ್ಸಳ ದೊರೆ ಒಂದನೆಯ ನರಸಿಂಹನ ಕಾಲದ ಸಾಮಂತ ಬಾಚಿ. ಶಾಸನದ ಪ್ರಕಾರ ಅವನು ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಮೂವರಿಗೂ ಗುಡಿ ಕಟ್ಟಿಸಿದ. ಕಂಬದ ಮೇಲೆ ಕಠಾರಿ ಕಟ್ಟಿಕೊಂಡು ಕೈಮುಗಿದು ನಿಂತವನು ಬಹುಶಃ ಆತನೇ. ತಾನು ಕಟ್ಟಿಸಿದ ಗುಡಿಯ ಬಾಗಿಲಲ್ಲೇ ಅವನನ್ನು ಬೇರೆಯವನೆಂದು ಗುರುತಿಸುತ್ತಿದ್ದಾರೆ.

ಈಚೆಗೆ ಬೆಂಗಳೂರಿನಿಂದ ಹೊರಡುವ ಈಜಿಪ್ಟ್ ಪ್ಯಾಕೇಜುಗಳನ್ನು ತುಮಕೂರಿನ ಮಂದಿಯೂ ಹಿಡಿಯುತ್ತಾರೆ. ಇಲ್ಲಿ ಕಪ್ಪೆ ನಂಬಿದವರು ಅಲ್ಲಿ ಹೋಗಿ ಏನು ನಂಬುತ್ತಾರೆ ಎಂಬುದು ನೋಡತಕ್ಕದ್ದು. ಕೈರೋದಲ್ಲಿ ಪಿರಮಿಡ್ಡು ನೋಡಿ ಅಲ್ಲೇ ಹಡಗು ಹತ್ತಿದರೆ ಅಬು ಸಿಂಬೆಲ್‌ನಲ್ಲಿ ಇಳಿಯಬಹುದು ಎಂಬುದು ಮೊದಲನೆಯದು. ನೈಲ್ ಕ್ರೂಸುಗಳಲ್ಲಿ ಹೆಚ್ಚಿನವು ಓಡುವುದು ಲಕ್ಸರ್–ಆಸ್ವಾನ್ ನಡುವೆ ಮಾತ್ರ, ಸುಮಾರು 200 ಕಿ.ಮೀ. ದಾರಿಯಲ್ಲಿ ಎಡ್ಫು, ಕೋಮ್ ಒಂಬೊ. ಕೈರೋದಿಂದ ಲಕ್ಸರ್‌ಗೆ ಆರುನೂರು ಕಿ.ಮೀ.ಗೂ ಹೆಚ್ಚು ದೂರವಿದ್ದು, ರೈಲೋ ವಿಮಾನವೋ ಬೇಕು. ಅಬು ಸಿಂಬೆಲ್ ಇರುವುದು ಆಸ್ವಾನಿನ ಅಣೆಕಟ್ಟಿನಾಚೆ, ರಸ್ತೆಯಲ್ಲಿ ಇನ್ನೂ 280 ಕಿ.ಮೀ. ನೈಲ್ ಉತ್ತರಕ್ಕೆ ಹರಿಯುವುದರಿಂದ 'ಮೇಲಿನ ಈಜಿಪ್ಟ್' ನಕ್ಷೆಯಲ್ಲಿ ಕೆಳಗಿರುತ್ತದೆ ಎಂದರೆ ಹುಬ್ಬೇರಿಸುತ್ತಾರೆ. ತಮ್ಮ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯೂ ಉತ್ತರಕ್ಕೇ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಅದೇ ಬೆಟ್ಟಸಾಲಿನ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಗೆ ಹೋಗುತ್ತದೆ ಎಂಬುದು ಅವರಿಗೆ ನೆನಪಿಗೆ ಬರುವುದಿಲ್ಲ.

ಎರಡನೆಯದು, ಪಿರಮಿಡ್ಡು ಗುಲಾಮರು ಚಾಟಿಯೇಟು ತಿಂದು ಕಟ್ಟಿದ್ದು. ಇಲ್ಲವೇ, ಇನ್ನೂ ಮುಂದುವರಿದವರ ಪ್ರಕಾರ, ಬೇರೆ ಲೋಕದವರು ಬಂದು ಕಟ್ಟಿದ್ದು. ಗಿಜಾದಲ್ಲಿ ಪಿರಮಿಡ್ ಕಟ್ಟಿದ ಕೆಲಸಗಾರರ ಗೋರಿಗಳು 1990ರಲ್ಲೇ ಪತ್ತೆಯಾದವು. ರಾಜನ ಪಿರಮಿಡ್ಡಿನ ಹತ್ತಿರವೇ ಮರ್ಯಾದೆಯಿಂದ ಹೂಳಿದ್ದಾರೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾಡಿ ಅಲ್ ಜರ್ಫ್‌ನಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ತೂರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗೇರಿಸಿ ಗಿಜಾಕ್ಕೆ ಸಾಗಿಸಿದ್ದು, ಯಾವ ದಿನ ಎಲ್ಲಿ ತಂಗಿದ್ದು, ಎಲ್ಲ ಬರೆದಿಟ್ಟಿದ್ದಾನೆ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ನದಿಪ್ರವಾಸದ ಟಿಪ್ಪಣಿ! ಲಕ್ಸರ್ ಬಳಿಯ ದೇರ್ ಎಲ್ ಮದೀನಾದ ಕುಶಲಕರ್ಮಿಗಳ ಹಾಜರಿ ಪಟ್ಟಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬನಿಗೆ ಚೇಳು ಕಚ್ಚಿದ್ದಕ್ಕೆ ರಜೆ, ಇನ್ನೊಬ್ಬನಿಗೆ ಮನೆಯಲ್ಲಿ ಬಿಯರ್ ತಯಾರಿಸಬೇಕಿತ್ತೆಂದು ರಜೆ.

ತುಮಕೂರಾಗಲಿ ಗಿಜಾ ಆಗಲಿ, ಕೆಲಸ ಮಾಡಿದವರ ಹೆಸರು, ಸಹಿ, ರಜೆಚೀಟಿ ಕಣ್ಣೆದುರಿಗಿದ್ದರೂ ಜನಕ್ಕೆ ಬೇಕಾಗಿರುವುದು ಒಬ್ಬ ಮಹಾಪುರುಷ, ಒಂದು ಶಾಪ, ಒಂದು ಪವಾಡ. ನೂರಾರು ಜನ ಹತ್ತಾರು ವರ್ಷ ದಿನಗೂಲಿಯಂತೆ ದುಡಿದು ಕಟ್ಟಿದರು ಎಂದರೆ ಮುಖ ಬಾಡುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಹತ್ತು ಗುಂಪಿಗೆ ದಾಟಿಸುವ ಮೇಷ್ಟರುಗಳೂ ಇದ್ದಾರೆ. ತರಗತಿಯಲ್ಲಿ ಇಸವಿ ಬಾಯಿಪಾಠ ಮಾಡಿಸಿದ ಅದೇ ಮೇಷ್ಟರು ಶೈಕ್ಷಣಿಕ ಪ್ರವಾಸದ ಬಸ್ಸಿನಲ್ಲಿ ಕಪ್ಪೆಯ ಕಥೆಯನ್ನು ಇತಿಹಾಸವೆಂದು ಹೇಳುವಾಗ ಯಾವ ಮಗು ಎದ್ದು ಲೆಕ್ಕ ಕೇಳೀತು? ಕೇಳಿದರೆ 'ಅಧಿಕಪ್ರಸಂಗಿ' ಎಂದು ಕೂರಿಸುತ್ತಾರೆ. ಕಥೆಯಲ್ಲಿ ಗೆದ್ದವನು ಪ್ರಶ್ನೆ ಕೇಳಿದ ಆ ಹುಡುಗನೇ ಎಂಬುದನ್ನು ಮಾತ್ರ ಎಲ್ಲರೂ ಮರೆತುಬಿಡುತ್ತಾರೆ.

ಪ್ರವಾಸ ಬೇಕೇ ಬೇಕು ಎನ್ನುವವರು ಜಕಣನ ಬೆನ್ನು ಬಿಟ್ಟು ತುಮಕೂರನ್ನೇ ಠಿಕಾಣಿ ಮಾಡಿಕೊಳ್ಳಬಹುದು. ಗುಬ್ಬಿ, ಕುಣಿಗಲ್ ಎರಡನ್ನೂ ಒಂದೇ ರಸ್ತೆಯಲ್ಲಿ ಮುಗಿಸಬಹುದು ಎಂದುಕೊಂಡು ಹೊರಡುವವರು ಬಹಳ. ಗುಬ್ಬಿ ಇರುವುದು ತುಮಕೂರು–ತಿಪಟೂರು ಹೆದ್ದಾರಿಯಲ್ಲಿ, ಕುಣಿಗಲ್ ಇರುವುದು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ, ಒಂದೊಂದಕ್ಕೆ ಒಂದೊಂದು ದಿನ ಇಡಬೇಕು. ಗುಬ್ಬಿಯ ದಿನಕ್ಕೆ ನಿಟ್ಟೂರಿನ ಹನ್ನೆರಡನೆಯ ಶತಮಾನದ ಶಾಂತೀಶ್ವರ ಬಸದಿಯನ್ನು ಸೇರಿಸಿಕೊಳ್ಳಬಹುದು. ಕುಣಿಗಲ್ಲಿನ ದಿನಕ್ಕೆ ಬೆಳಿಗ್ಗೆ ಕೈದಾಳ, ಆಮೇಲೆ ಕುಣಿಗಲ್ ಕೆರೆ ಏರಿ, ಸಂಜೆಗೆ ಎಡೆಯೂರಿನ ಸಿದ್ಧಲಿಂಗೇಶ್ವರ. ಗೂಳೂರಿನ ಮಣ್ಣಿನ ಮಹಾಗಣಪತಿಯನ್ನು ನೋಡಲು ಚೌತಿಯ ದಿನವೇ ಓಡಿಬರುವವರಿಗೆ ಕಾಣುವುದು ಬರೀ ಮಣ್ಣು. ಅಂದು ಮೂರ್ತಿಯ ಕೆಲಸ ಶುರುವಾಗುತ್ತದೆ ಅಷ್ಟೆ, ಪ್ರತಿಷ್ಠೆ ಬಲಿಪಾಡ್ಯಮಿಗೆ, ಪೂಜೆ ಕಾರ್ತಿಕವಿಡೀ. ಗುಬ್ಬಿ ನಾಟಕ ಕಂಪನಿಯನ್ನು ವೀರಣ್ಣನವರೇ ಕಟ್ಟಿದರು ಎಂಬುದೂ ಹಾಗೆಯೇ: ಕಂಪನಿ ಹುಟ್ಟಿದ್ದು 1884, ವೀರಣ್ಣ ಹುಟ್ಟಿದ್ದು 1891.

ಮೂರನೆಯ ದಿನ ತುರುವೇಕೆರೆ ಮತ್ತು ತಿಪಟೂರು ತಾಲ್ಲೂಕಿನ ಅರಳಗುಪ್ಪೆ. ಅರಳಗುಪ್ಪೆಯ ಕಲ್ಲೇಶ್ವರ ಬೇಲೂರಿಗಿಂತ ಇನ್ನೂರು ವರ್ಷ ಹಿರಿಯ, ಗಂಗ–ನೊಳಂಬರ ಕಾಲದ್ದು. ಚಾವಣಿಯ ನಡುವೆ ನರ್ತಿಸುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಅದೇ ಊರಿನ ಚೆನ್ನಕೇಶವನ ಗುಡಿಯಲ್ಲಿ ಹೊನ್ನೋಜನ ಕೆಲಸವಿದೆ. ಇಂಥ ಊರುಗಳ ಗುಡಿಗಳು ಇಡೀ ದಿನ ತೆರೆದಿರುತ್ತವೆ ಎಂದು ನಂಬಿ ಮಧ್ಯಾಹ್ನ ಎರಡು ಗಂಟೆಗೆ ಹೋದರೆ ಬೀಗ ನೋಡಿ ಬರಬೇಕಾಗುತ್ತದೆ. ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ, ತಡವಾದರೆ ಅರ್ಚಕರ ಮನೆ ಎಲ್ಲಿ ಎಂದು ಊರಲ್ಲಿ ಕೇಳಿ. ಜೊತೆಗೊಂದು ಟಾರ್ಚ್ ಇರಲಿ, ಚಾವಣಿ ಕತ್ತಲಲ್ಲಿರುತ್ತದೆ.