ಹದಿನಾಲ್ಕು ವರ್ಷದ ಕಟ್ಟುಕಥೆ

2025ರ ಜುಲೈ 16ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಬೈಲೂರು ತಿಪ್ಪಯ್ಯನ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2017ರ ಫೆಬ್ರುವರಿಯಲ್ಲಿ ಹೆಂಡತಿ, ನಾದಿನಿ ಮತ್ತು ಹತ್ತು ವರ್ಷ ತುಂಬದ ಮೂರು ಮಕ್ಕಳನ್ನು ಮಚ್ಚಿನಿಂದ ಕೊಚ್ಚಿ ಕೊಂದವನು ಆತ. ಹೆಂಡತಿಯ ನಡತೆಯ ಮೇಲೆ ಅನುಮಾನ. ದಂಪತಿಯ ಒಟ್ಟು ನಾಲ್ವರು ಮಕ್ಕಳಲ್ಲಿ ಒಂದು ಮಾತ್ರ ತನ್ನದು ಎಂಬ ಹಟ. ಬಳ್ಳಾರಿಯ ಸೆಷನ್ಸ್ ನ್ಯಾಯಾಲಯ 2019ರಲ್ಲಿ ಗಲ್ಲು ವಿಧಿಸಿತು. ಧಾರವಾಡದ ಹೈಕೋರ್ಟ್ ಪೀಠ 2023ರ ಮೇ ತಿಂಗಳಲ್ಲಿ ಅದನ್ನು ಕಾಯಂ ಮಾಡಿತು. ದೆಹಲಿಯಲ್ಲಿ ನೇಣು ತಪ್ಪಿತು.

ಸುದ್ದಿ ಬಂದ ಸಂಜೆಯೇ ಲೆಕ್ಕ ಶುರುವಾಯಿತು. "ಮುಗೀತು ಬಿಡ್ರೀ, ಜೀವಾವಧಿ ಅಂದ್ರ ಹದಿನಾಲ್ಕು ವರ್ಷ. 2017ರಿಂದ ಹಿಡಿದ್ರ 2031ಕ್ಕ ಮನಿಗೆ ಬರ್ತಾನ." ಇದನ್ನು ಹೇಳುವವರು ಅಕ್ಷರ ಬಾರದವರಲ್ಲ. ಮೇಷ್ಟ್ರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಟೀವಿಯಲ್ಲಿ ಕೋಟು ಹಾಕಿಕೊಂಡು ಕೂತವರೂ ಹೇಳುತ್ತಾರೆ. ಗಡಿ ದಾಟಿ ಪುಣೆ ಕಡೆಯ ಸಾಸವಡಕ್ಕೆ ಹೋದರೂ ಇದೇ ಪಾಠ, ಮರಾಠಿಯಲ್ಲಿ: ಜನ್ಮಠೇಪ್ ಎಂದರೆ ಚೌದಾ ವರ್ಷ. ಇಷ್ಟು ದೊಡ್ಡ ದೇಶದಲ್ಲಿ ಇಷ್ಟು ಭಾಷೆಗಳ ಜನ ಇಷ್ಟು ಒಮ್ಮತದಿಂದ ತಪ್ಪು ಹೇಳುವ ಇನ್ನೊಂದು ಕಾನೂನಿನ ವಿಷಯ ನನಗಂತೂ ಗೊತ್ತಿಲ್ಲ.

ತಿಪ್ಪಯ್ಯನ ಮಟ್ಟಿಗಂತೂ ಈ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ತೀರ್ಪಿನ ಕೊನೆಯಲ್ಲೇ ಉತ್ತರ ಇದೆ: ಶಿಕ್ಷೆ ಕಡಿತವಿಲ್ಲದ ಜೀವಾವಧಿ, ಅಂದರೆ ಉಸಿರಿರುವವರೆಗೆ ಸೆರೆವಾಸ. ಪತ್ರಿಕೆಗಳೂ ಅದನ್ನು ಬರೆದವು. ಶೀರ್ಷಿಕೆಯಲ್ಲಿ 'ಗಲ್ಲು ರದ್ದು' ಎಂಬ ಎರಡು ಪದ ಕಂಡ ಮೇಲೆ ಕೆಳಗಿನದನ್ನು ಓದುವ ವ್ಯವಧಾನ ಯಾರಿಗಿದೆ?

ಸರಿ, ಈ 14 ಬಂದದ್ದಾದರೂ ಎಲ್ಲಿಂದ? ರಾಮನ ವನವಾಸದಿಂದ ಬಂತೇನೋ ಎಂದು ತಮಾಷೆ ಮಾಡಬಹುದು. ಬಂದದ್ದು ಕಾನೂನಿನಿಂದಲೇ, ತಲೆಕೆಳಗಾಗಿ ಬಂತು. ಕೊಲೆ ಅಪರಾಧಿಗಳನ್ನು ಸರ್ಕಾರಗಳು ತೀರಾ ಬೇಗ ಬಿಡುತ್ತಿವೆ ಎಂಬ ದೂರಿನಿಂದಾಗಿ 1978ರಲ್ಲಿ ಸಂಸತ್ತು ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಎಂಬ ಕಲಮು ಸೇರಿಸಿತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮು. ಗಲ್ಲು ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವನನ್ನು, ಅಥವಾ ಗಲ್ಲು ಜೀವಾವಧಿಗೆ ಇಳಿದವನನ್ನು, 14 ವರ್ಷ ಜೈಲಿನಲ್ಲಿ ಕಳೆಯುವ ಮುಂಚೆ ಬಿಡಲೇಕೂಡದು ಎನ್ನುತ್ತದೆ ಅದು. ಅದಕ್ಕಿಂತ ಮೊದಲು ಬೀಗ ತೆಗೆಯಬೇಡ ಎಂದು ಸರ್ಕಾರಕ್ಕೆ ಹಾಕಿದ ಬೇಲಿ ಅದು. ಆ ಬೇಲಿಯನ್ನೇ ನಮ್ಮ ಜನ ಬಾಗಿಲು ಎಂದುಕೊಂಡರು.

14 ಆದಮೇಲೂ ತಾನಾಗಿ ಏನೂ ಆಗುವುದಿಲ್ಲ. ಮಾಮೂಲಿ ಜೀವಾವಧಿ ಆದವನಿಗೆ ಆ ದಿನ ಸಿಗುವುದು ಒಂದು ಕಡತ ಮಾತ್ರ. ಜೈಲಿನ ಅಧೀಕ್ಷಕರು ಕೈದಿಯ ನಡತೆ ಬರೆಯಬೇಕು. ಊರಿನ ಠಾಣೆಯವರು ವರದಿ ಕೊಡಬೇಕು: ಈತ ವಾಪಸ್ ಬಂದರೆ ಊರಿನ ಶಾಂತಿ ಕದಡುತ್ತದೆಯೇ, ಸತ್ತವರ ಕಡೆಯವರು ಏನನ್ನುತ್ತಾರೆ? ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ ಕೇಳಬೇಕು. ಸಲಹಾ ಮಂಡಳಿ ಕೂರಬೇಕು. ಕೊನೆಗೆ ಸರ್ಕಾರ ಹ್ಞೂಂ ಅನ್ನಬೇಕು. ಎಲ್ಲಿ ಬೇಕಾದರೂ ಕಡತ ನಿಲ್ಲಬಹುದು, ನಿಲ್ಲುತ್ತದೆ ಕೂಡ. ಆಗಸ್ಟ್ 15ಕ್ಕೋ ಜನವರಿ 26ಕ್ಕೋ 'ಸನ್ನಡತೆ ಆಧಾರದ ಮೇಲೆ ಬಿಡುಗಡೆ' ಎಂದು ಫೋಟೊ ಬರುತ್ತದಲ್ಲ, ಗೇಟಿನ ಹೊರಗೆ ಗಂಟು ಹಿಡಿದು ನಿಂತ ಹತ್ತಾರು ಜನ, ಅವರು ಈ ಜರಡಿ ದಾಟಿ ಬಂದವರು. ದಾಟದೆ ಒಳಗೇ ಉಳಿದವರ ಫೋಟೊ ಯಾರೂ ತೆಗೆಯುವುದಿಲ್ಲ.

ಬಿಡುಗಡೆ ಕೈದಿಯ ಹಕ್ಕಲ್ಲ ಎಂಬುದು ಹೊಸ ಮಾತೂ ಅಲ್ಲ. ಗಾಂಧೀಜಿ ಹತ್ಯೆಯ ಒಳಸಂಚಿಗೆ ಜೀವಾವಧಿ ಶಿಕ್ಷೆಯಾಗಿದ್ದ ಪುಣೆಯ ಗೋಪಾಲ ಗೋಡ್ಸೆ, ತನಗೆ ಸಿಕ್ಕ ಮಾಫಿ ದಿನಗಳನ್ನೆಲ್ಲ ಕೂಡಿಸಿ 'ನನ್ನ 20 ವರ್ಷ ಮುಗಿಯಿತು, ಬಿಡಿ' ಎಂದು ಸುಪ್ರೀಂ ಕೋರ್ಟಿಗೆ ಹೋದ. 1961ರಲ್ಲೇ ಕೋರ್ಟ್ ಸ್ಪಷ್ಟ ಮಾಡಿತು: ಜೀವಾವಧಿ ಎಂದರೆ ಉಳಿದ ಆಯುಷ್ಯವೆಲ್ಲ, ಮಾಫಿ ದಿನ ಎಷ್ಟೇ ಕೂಡಿದರೂ ಸರ್ಕಾರ ಆದೇಶ ಹೊರಡಿಸದೆ ಬಿಡುಗಡೆ ಇಲ್ಲ. ಆತ ಹೊರಬಂದದ್ದು 1964ರಲ್ಲಿ, ಸರ್ಕಾರ ಬಿಟ್ಟಾಗ. ಆ 20 ಕೂಡ ಇನ್ನೊಂದು ದಾರಿತಪ್ಪಿದ ಅಂಕಿ. ದಂಡ ಸಂಹಿತೆಯ 57ನೇ ಕಲಮಿನಲ್ಲಿ 'ಶಿಕ್ಷೆಯ ಭಾಗ ಲೆಕ್ಕ ಹಾಕುವಾಗ' ಜೀವಾವಧಿಯನ್ನು 20 ವರ್ಷ ಎಂದು ಹಿಡಿಯಿರಿ ಅಂತಿತ್ತು. ಗಣಿತದ ಅನುಕೂಲಕ್ಕೆ ಅಷ್ಟೇ. ಬ್ರಿಟಿಷರ ಕಾಲದಲ್ಲಿ ಸಾವರ್ಕರ್‌ಗೆ ಎರಡು ಕರಿನೀರಿನ ಶಿಕ್ಷೆಯಾದಾಗ ಒಟ್ಟು 50 ವರ್ಷ ಎಂದು ಎಣಿಸಿದ್ದರು. ಹಾಗಾದರೆ ಜೀವಾವಧಿ 14ಓ, 20ಓ, 25ಓ? ಯಾವುದೂ ಅಲ್ಲ ಎಂದು ತೀರ್ಪು ಬಂದು ಆರು ದಶಕ ಕಳೆಯಿತು. ಸುದ್ದಿ ಮಾತ್ರ ಇನ್ನೂ ಊರು ತಲುಪಿಲ್ಲ.

ಇದಕ್ಕಿಂತ ರಸವತ್ತಾದ ಪಾಠಾಂತರ ಒಂದಿದೆ: ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ, ಹಾಗಾಗಿ 14 ಎಂದರೆ ಏಳೇ ವರ್ಷ. ಪದವಿ ಪಡೆದವರ ಬಾಯಲ್ಲೇ ಇದನ್ನು ಕೇಳಿದ್ದೇನೆ. ಜೈಲಿನ ಗೋಡೆಯೊಳಗೆ ಭೂಮಿ ಎರಡು ಪಟ್ಟು ವೇಗವಾಗಿ ತಿರುಗುತ್ತದೆ ಎಂದು ನಂಬುವವರ ಹತ್ತಿರ ಕಲಮು ಹಿಡಿದುಕೊಂಡು ವಾದಿಸುವುದು ವ್ಯರ್ಥ.

ಹೊರಬರುವ ದಾರಿಯೇ ಇಲ್ಲದ ಜೀವಾವಧಿ ರೂಪುಗೊಂಡದ್ದು ಕರ್ನಾಟಕದ ಒಂದು ಕೇಸಿನಲ್ಲಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳನ್ನು ಮದುವೆಯಾಗಿದ್ದ ಸ್ವಾಮಿ ಶ್ರದ್ಧಾನಂದ 1991ರಲ್ಲಿ ಬೆಂಗಳೂರಿನ ಮನೆಯಲ್ಲಿ ಆಕೆಗೆ ಮತ್ತಿನ ಮದ್ದು ಕೊಟ್ಟು, ಪೆಟ್ಟಿಗೆಯಲ್ಲಿಟ್ಟು, ಅದೇ ಮನೆಯ ಅಂಗಳದಲ್ಲಿ ಹೂತ. ಶವ ಸಿಕ್ಕಿದ್ದು 1994ರಲ್ಲಿ. ಗಲ್ಲೋ ಜೀವಾವಧಿಯೋ ಎಂಬಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತವಾಗದೆ ಕೇಸು ಮೂವರ ಪೀಠಕ್ಕೆ ಹೋಯಿತು. 2008ರಲ್ಲಿ ಆ ಪೀಠ ಮುಚ್ಚುಮರೆಯಿಲ್ಲದೆ ಹೇಳಿದ್ದರ ಸಾರ ಇಷ್ಟು: ಒಂದು ಕಡೆ ಗಲ್ಲು, ಇನ್ನೊಂದು ಕಡೆ ಬಳಕೆಯಲ್ಲಿ 14 ವರ್ಷಕ್ಕೆ ಸವೆದ ಜೀವಾವಧಿ, ಈ ಎರಡೇ ಆಯ್ಕೆ ಇದ್ದರೆ ನ್ಯಾಯಾಲಯ ಗಲ್ಲಿನ ಕಡೆಗೇ ವಾಲುವ ಅಪಾಯವಿದೆ. ಅದಕ್ಕಾಗಿ ನಡುವಿನ ದಾರಿ ತೆರೆಯಿತು: ಬದುಕಿರುವವರೆಗೂ ಹೊರಗೆ ಬಿಡಕೂಡದು. 2015ರಲ್ಲಿ ಶ್ರೀಹರನ್ ಪ್ರಕರಣದಲ್ಲಿ ಐವರ ಸಂವಿಧಾನ ಪೀಠ ಬಹುಮತದಿಂದ ಇದನ್ನು ಒಪ್ಪಿತು. ಆದರೆ ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ, ಸೆಷನ್ಸ್ ನ್ಯಾಯಾಧೀಶರಿಗಿಲ್ಲ ಎಂದಿತು. ರಾಷ್ಟ್ರಪತಿ, ರಾಜ್ಯಪಾಲರ ಕ್ಷಮಾದಾನದ ಅಧಿಕಾರ ಸಂವಿಧಾನದ್ದಾದ್ದರಿಂದ ಅದನ್ನು ಮುಟ್ಟಲಿಲ್ಲ. ತಿಪ್ಪಯ್ಯನಿಗೆ ಸಿಕ್ಕಿದ್ದು ಇದೇ ಶಿಕ್ಷೆ.

ಜನರ ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಲಬುರಗಿ ಸೀಮೆಯ ಸಾಯಿಬಣ್ಣ ಮೊದಲ ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದವನು. 1994ರಲ್ಲಿ ಪೆರೋಲ್ ಮೇಲೆ ಹೊರಬಂದು ಎರಡನೇ ಹೆಂಡತಿಯನ್ನೂ ಹಸುಳೆ ಮಗಳನ್ನೂ ಕೊಂದ. 2005ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಖಚಿತಪಡಿಸಿತು, 2013ರಲ್ಲಿ ರಾಷ್ಟ್ರಪತಿ ಕ್ಷಮೆ ನಿರಾಕರಿಸಿದರು, ಕೊನೆಗೆ ಆ ವಿಳಂಬದ ಕಾರಣಕ್ಕೇ 2023ರಲ್ಲಿ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಗುಜರಾತಿನಲ್ಲಿ ಬಿಲ್ಕಿಸ್ ಬಾನೊ ಪ್ರಕರಣದ 11 ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಸರ್ಕಾರ ಬಿಟ್ಟಿತು, ಹಾರ ಹಾಕಿ ಸ್ವಾಗತಿಸಿದವರೂ ಇದ್ದರು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದುಮಾಡಿ ಅಷ್ಟೂ ಜನರನ್ನು ಮತ್ತೆ ಒಳಗೆ ಕಳಿಸಿತು. ಪೆರೋಲ್ ಕೊಡುವವರ ಉದಾಸೀನ, ಬಿಡುಗಡೆ ಮಾಡುವವರ ರಾಜಕೀಯ, ಇವು ಬೈಯಬೇಕಾದ ಸಂಗತಿಗಳೇ. ಹಾಗೆ ಬೈಯಬೇಕಾದರೆ ಮೊದಲು ಒಂದು ವಿಷಯ ಒಪ್ಪಬೇಕು: ಬಿಡುಗಡೆ ಎನ್ನುವುದು ಯಾರೋ ಒಬ್ಬರು ಸಹಿ ಹಾಕಿ ಮಾಡುವ ನಿರ್ಧಾರ. 14 ವರ್ಷಕ್ಕೆ ಬೀಗ ತಾನೇ ಕಳಚಿಕೊಳ್ಳುತ್ತದೆ ಎಂದು ನಂಬಿದವನು ಸಹಿ ಹಾಕಿದವರನ್ನು ಯಾವತ್ತೂ ಪ್ರಶ್ನೆ ಕೇಳುವುದಿಲ್ಲ.

ಇದೇ ಜಾತಿಯ ಇನ್ನು ಕೆಲವನ್ನು ಬೇಗ ಮುಗಿಸುತ್ತೇನೆ.

'ಠಾಣೆಯಲ್ಲಿ ಒಪ್ಪಿಕೊಂಡ ಮೇಲೆ ವಿಚಾರಣೆ ಯಾಕೆ?' ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವೇ ಅಲ್ಲ. ಅವನು ತೋರಿಸಿದ ಜಾಗದಲ್ಲಿ ಮಚ್ಚು ಸಿಕ್ಕರೆ, ಆ ಶೋಧಕ್ಕೆ ದಾರಿ ತೋರಿದ ಮಾತಿನಷ್ಟಕ್ಕೆ ಮಾತ್ರ ಬೆಲೆ. 'ತಪ್ಪೊಪ್ಪಿಕೊಂಡ ಪಾಪಿ ತಂದೆ' ಎಂದು ಅರಚಿ ಹೇಳುವ ಸುದ್ದಿಗೆ ಕೋರ್ಟ್ ಕಟ್ಟಡದೊಳಗೆ ಪ್ರವೇಶವಿಲ್ಲ.

'ಐದು ಕೊಲೆ ಮಾಡಿದವನಿಗೆ ಗಲ್ಲು ಆಗಲೇಬೇಕು.' 1980ರ ಬಚನ್ ಸಿಂಗ್ ತೀರ್ಪಿನಿಂದ ಈಚೆಗೆ ಜೀವಾವಧಿಯೇ ನಿಯಮ, ಗಲ್ಲು ಅಪರೂಪದಲ್ಲಿ ಅಪರೂಪ. ಹೆಣಗಳನ್ನು ಎಣಿಸಿ ಗಲ್ಲು ಕೊಡುವ ಕೋಷ್ಟಕ ಯಾವ ಕಾನೂನಿನಲ್ಲೂ ಇಲ್ಲ. ಅಪರಾಧಿ ತಿದ್ದಿಕೊಳ್ಳಬಲ್ಲನೇ ಎಂಬುದಕ್ಕೆ ವರದಿ ತರಿಸಿ ನೋಡಬೇಕೆಂದು 2022ರಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಿಪ್ಪಯ್ಯನ ಜೈಲಿನ ನಡತೆ, ಹಿಂದೆ ಅಪರಾಧ ಇಲ್ಲದಿರುವುದು, ಎರಡು ಸಲ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ್ದು, ಎಲ್ಲವೂ ತೂಗಿದ್ದು ಹೀಗೆ.

'ಐದು ಕೊಲೆಗೆ ಐದು ಜೀವಾವಧಿ, ಒಂದಾದ ಮೇಲೊಂದು.' ಇರುವುದು ಒಂದೇ ಜೀವ ಎಂಬ ಸರಳ ಕಾರಣಕ್ಕೆ 2016ರಲ್ಲಿ ಸಂವಿಧಾನ ಪೀಠ ಇದನ್ನು ತಳ್ಳಿಹಾಕಿತು.

'ಹುಚ್ಚ ಎಂದು ಸರ್ಟಿಫಿಕೇಟ್ ತಂದರೆ ಬಿಟ್ಟುಬಿಡ್ತಾರೆ.' ಕೃತ್ಯದ ಕ್ಷಣದಲ್ಲಿ ತಾನು ಮಾಡುತ್ತಿರುವುದು ಏನೆಂದೇ ತಿಳಿಯದ ಸ್ಥಿತಿ ಇತ್ತೆಂದು ಆರೋಪಿಯೇ ಸಾಬೀತು ಮಾಡಬೇಕು. ಮಾಡಿದರೂ ಮನೆಗೆ ಬಸ್ ಟಿಕೆಟ್ ಕೊಡುವುದಿಲ್ಲ, ಸುರಕ್ಷಿತ ಬಂಧನದಲ್ಲಿಡಲು ಕಾನೂನಿದೆ.

'ಇಂಥವನ ಪರ ಯಾವ ವಕೀಲರೂ ನಿಲ್ಲಬಾರದು.' ವಕೀಲರ ಸಂಘಗಳೇ ಹೀಗೆ ಠರಾವು ಮಾಡುವುದುಂಟು. ಅಂಥ ಠರಾವುಗಳಿಗೆ ಯಾವ ಬೆಲೆಯೂ ಇಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರಿಲ್ಲದೆ ನಡೆದ ವಿಚಾರಣೆ ಮೇಲ್ಮನವಿಯಲ್ಲಿ ಮುರಿದುಬಿದ್ದರೆ ಆಗ ಅಳಬೇಕಾದವರು ಸತ್ತವರ ಕಡೆಯವರು.

'ಹೆಂಡತಿ ಸರಿ ಇಲ್ಲದಿದ್ದರೆ ಗಂಡಸು ಏನು ಮಾಡ್ತಾನೆ ಪಾಪ.' ಮೇಲಿನ ಎಲ್ಲ ತಪ್ಪುಗಳನ್ನೂ ಅಜ್ಞಾನ ಎಂದು ಬಿಡಬಹುದು, ಇದನ್ನು ಬಿಡಲಾಗದು. ಕಾನೂನು ರಿಯಾಯಿತಿ ಕೊಡುವುದು ಗಂಭೀರವೂ ಹಠಾತ್ತೂ ಆದ ಪ್ರಚೋದನೆಗೆ. ಕಿವಿಯಾರೆ ಹೆಂಡತಿಯ ಬಾಯಿಂದ ಕೇಳಿ, ಹೋಗಿ ರಿವಾಲ್ವರ್ ತಂದು, ಗಂಟೆಗಳ ಬಳಿಕ ಗುಂಡು ಹಾರಿಸಿದ ನೌಕಾಪಡೆಯ ಕಮಾಂಡರ್ ನಾನಾವತಿಗೇ 1961ರಲ್ಲಿ ಆ ರಿಯಾಯಿತಿ ಸಿಗಲಿಲ್ಲ. ವರ್ಷಗಟ್ಟಲೆ ಮನಸ್ಸಿನಲ್ಲೇ ಸಾಕಿದ ಸಂಶಯಕ್ಕೆ ಹಠಾತ್ ಎಂಬ ಹೆಸರು ಎಲ್ಲಿಂದ ಬರಬೇಕು? ಇನ್ನು ಮಕ್ಕಳು. ಸಿಂಧುವಾದ ಮದುವೆಯಲ್ಲಿ ಹುಟ್ಟಿದ ಮಗು ಗಂಡನದ್ದೇ ಎಂದು ಕಾನೂನು ಹಿಡಿಯುತ್ತದೆ. ಅಲ್ಲ ಎನ್ನುವವನು ಸಾಬೀತು ಮಾಡಬೇಕು. ಮಾಡಿದ ಅಂತಲೇ ಇಟ್ಟುಕೊಳ್ಳಿ. ಬೇರೆಯವರ ಮಕ್ಕಳನ್ನು ಕೊಂದರೆ ಕೊಲೆ ಕಡಿಮೆಯಾಗುತ್ತದೆಯೇ? ಈ 'ಪಾಪ'ದ ಹಿಂದೆ ಇರುವುದು ಹೆಂಡತಿ ಮಕ್ಕಳು ಗಂಡಸಿನ ಆಸ್ತಿ ಎಂಬ ನಂಬಿಕೆ. ಕುತೂಹಲವೆಂದರೆ, ಹೀಗೆ ಮರುಗುವವರೂ 'ನೇಣಿಗೆ ಹಾಕಿ' ಎನ್ನುವವರೂ ಎಷ್ಟೋ ಸಲ ಒಬ್ಬರೇ. ಬೆಳಿಗ್ಗೆ ಒಂದು ಮಾತು, ರಾತ್ರಿ ಇನ್ನೊಂದು.

ನಮ್ಮ ಕಾನೂನು ಜ್ಞಾನದ ಬಹುಪಾಲು ಸಿನಿಮಾದಿಂದ ಬಂದದ್ದು, ಉಳಿದದ್ದು ಫಾರ್ವರ್ಡ್ ಆಗಿ ಬಂದದ್ದು. ಸಿನಿಮಾದ ಜಡ್ಜು ಮೇಜು ಕುಟ್ಟಿ ಹದಿನಾಲ್ಕು ವರ್ಷ ಎನ್ನುತ್ತಾನೆ, ಮುಂದಿನ ದೃಶ್ಯದಲ್ಲಿ ನಾಯಕ ನರೆತ ಗಡ್ಡದಲ್ಲಿ ಗೇಟು ದಾಟುತ್ತಾನೆ. ನಾವು ಪಾಠ ಕಲಿತೆವು. ತೀರ್ಪುಗಳು ಈಗ ಯಾರು ಬೇಕಾದರೂ ಮೊಬೈಲಿನಲ್ಲಿ ಓದುವಂತೆ ಸಿಗುತ್ತವೆ, ಕೆಲವಂತೂ ಕನ್ನಡಕ್ಕೂ ಬಂದಿವೆ. ಆದರೆ ನಾವು ಕೇಳುವುದು ಪಕ್ಕದ ಸೀಟಿನವರನ್ನು. ಪಕ್ಕದ ಸೀಟಿನವರು ಕೇಳಿದ್ದು ಅವರ ಪಕ್ಕದವರನ್ನು.

ಈ ಸುಳ್ಳು ನಿರುಪದ್ರವಿಯಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಜೀವಾವಧಿ ಎಂದರೆ 14 ವರ್ಷ ಎಂದು ನಂಬಿದ ಸಮಾಜಕ್ಕೆ ನೇಣು ಬಿಟ್ಟರೆ ಬೇರೆ ಶಿಕ್ಷೆಯೇ ಕಾಣುವುದಿಲ್ಲ. ಪ್ರತಿ ಘೋರ ಕೊಲೆಗೂ ಹಗ್ಗ ಕೇಳುತ್ತದೆ. ಹಗ್ಗ ಸಿಗದಿದ್ದರೆ ನ್ಯಾಯ ಸತ್ತಿತು ಎನ್ನುತ್ತದೆ. ಆ ಸಿಟ್ಟಿನಲ್ಲಿ ಎನ್‌ಕೌಂಟರ್ ಮಾಡಿದವರಿಗೆ ಹೂ ಎರಚುತ್ತದೆ. ಇಷ್ಟೆಲ್ಲ ನಿಂತಿರುವುದು ಒಂದು ತಪ್ಪು ಅಂಕಿಯ ಮೇಲೆ. ಇನ್ನು ಮುಂದೆ ಯಾರಾದರೂ '2031ಕ್ಕ ಬರ್ತಾನ' ಎಂದರೆ ಆದೇಶದ ಕೊನೆಯ ಪುಟ ತೆಗೆದು ಅವರ ಕೈಗೆ ಕೊಡಿ. ಓದಿದ ಮೇಲೂ ಹದಿನಾಲ್ಕು ಎಂದರೆ, ಹಗಲು ಬೇರೆ ರಾತ್ರಿ ಬೇರೆ ಎಣಿಸಿಕೊಂಡಿರಲಿ.