ಈರುಳ್ಳಿ ರಫ್ತು ನಿಷೇಧ: ಬಿಲ್ ಯಾರು ಕಟ್ತಾರೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಲೋಕಲ್‌ನಲ್ಲಿ ನಿಂತುಕೊಂಡು ವಿಡಿಯೋ ನೋಡೋಕಾಗಲ್ಲ, ಓದೋಕಾದ್ರೆ ಆಗುತ್ತೆ ಅನ್ನೋರಿಗಾಗಿ ಸ್ವಲ್ಪ ತಿದ್ದಿ ಹಾಕಿದ್ದೀನಿ.

2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಎಲ್ಲರ ವಾಟ್ಸಾಪ್ ಗ್ರೂಪಲ್ಲೂ ಅದೇ ಚರ್ಚೆ. ಬೇರೆ ದೇಶ ನಮ್ಮ ಮಾಲಿಗೆ ಅಡ್ಡಗಟ್ಟಿದರೆ ನಮಗೆ ತಕ್ಷಣ ಗೊತ್ತಾಗುತ್ತೆ. ಆದರೆ ನಮ್ಮದೇ ಸರ್ಕಾರ ನಮ್ಮದೇ ಮಾಲು ಹೊರಗೆ ಹೋಗದಂತೆ ಗೇಟು ಹಾಕಿದಾಗ? ಆಗ ನಗರದಲ್ಲಿರೋ ನಮಗೆ ಅದು ಸುದ್ದಿಯೇ ಅನ್ನಿಸಲ್ಲ. ಯಾಕಂದ್ರೆ ಆಗ ಲಾಭ ನಮಗೆ.

ಇವತ್ತಿನ ಉದಾಹರಣೆ ಈರುಳ್ಳಿ. ಧಾರವಾಡ, ಗದಗದ ಕಡೆಯವರಿಗೆ ಉಳ್ಳಾಗಡ್ಡಿ, ವಾಶಿ ಮಾರ್ಕೆಟ್ಟಿನಲ್ಲಿ ಕಾಂದಾ. ಮುಂಬೈನಲ್ಲಿ ಕೂತು ವ್ಯಾಪಾರದ ಅರ್ಥಶಾಸ್ತ್ರ ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ನಾಸಿಕದ ಲಾಸಲಗಾಂವ್‌ನಲ್ಲಿ ಹರಾಜಾದ ಈರುಳ್ಳಿಗೆ ಎರಡು ದಾರಿ. ಒಂದು ವಾಶಿಯ ಎಪಿಎಂಸಿಗೆ, ಅಲ್ಲಿಂದ ನಮ್ಮ ಅಡುಗೆಮನೆಗೆ. ಇನ್ನೊಂದು ಉರಣ್ ಹತ್ತಿರದ ನಾವಾ ಶೇವಾ ಬಂದರಿಗೆ, ಅಲ್ಲಿಂದ ದುಬೈಗೋ ಕೊಲಂಬೋಗೋ. ಎರಡನೇ ದಾರಿ ಮುಚ್ಚಿದರೆ ಮೊದಲನೇ ದಾರಿಯಲ್ಲಿ ಏನಾಗುತ್ತೆ? ಇವತ್ತಿನ ಪ್ರಶ್ನೆ ಇಷ್ಟೇ.

ಏನೇನಾಯ್ತು?

2022-23ರಲ್ಲಿ ಭಾರತ ಸುಮಾರು 25 ಲಕ್ಷ ಟನ್ ಈರುಳ್ಳಿ ರಫ್ತು ಮಾಡಿತ್ತು. 2023ರಲ್ಲಿ ಬೆಲೆ ಏರತೊಡಗಿತು. ಆಗಸ್ಟ್ 19ಕ್ಕೆ ಸರ್ಕಾರ ಶೇ 40ರಷ್ಟು ರಫ್ತು ಸುಂಕ ಹಾಕಿತು. ನಾಸಿಕದಲ್ಲಿ ಹರಾಜು ನಿಂತು ಪ್ರತಿಭಟನೆ ಆಯ್ತು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಅಂತ ಕನಿಷ್ಠ ರಫ್ತು ಬೆಲೆ ಬಂತು. ಅಂದ್ರೆ ಅದಕ್ಕಿಂತ ಕಡಿಮೆಗೆ ಯಾರೂ ಹೊರಗೆ ಮಾರುವಂತಿಲ್ಲ. ಅದೂ ಸಾಲದೆ ಡಿಸೆಂಬರ್ 8ರಿಂದ ಪೂರ್ತಿ ನಿಷೇಧ. 2024ರ ಮಾರ್ಚ್ 31ಕ್ಕೆ ಮುಗಿಯುತ್ತೆ ಅಂದಿದ್ದರು, ಮುಗಿಯೋ ಮುಂಚೆ ಮುಂದುವರಿಸಿದರು. ಕೊನೆಗೆ ಮೇ 4ಕ್ಕೆ ತೆಗೆದರು, ಆದರೆ 550 ಡಾಲರ್ ಕನಿಷ್ಠ ಬೆಲೆ ಮತ್ತು ಶೇ 40 ಸುಂಕದ ಜೊತೆಗೆ. ಸೆಪ್ಟೆಂಬರಿನಲ್ಲಿ ಕನಿಷ್ಠ ಬೆಲೆ ಹೋಯ್ತು, ಸುಂಕ ಶೇ 20ಕ್ಕೆ ಇಳಿಯಿತು. ಆ ಸುಂಕವೂ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ.

ನಿಷೇಧ ಬಂದ ಕೆಲವೇ ವಾರಗಳಲ್ಲಿ ಲಾಸಲಗಾಂವ್‌ನ ಸಗಟು ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು.

ಹತ್ತು ಕಿಲೋ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ. ಅಂಕಿಗಳು ನಾನು ಲೆಕ್ಕಕ್ಕಾಗಿ ಇಟ್ಟುಕೊಂಡವು, ಆದರೆ ಒಳಗಿನ ತರ್ಕ ನಿಜದ್ದೇ.

ರೈತ ಹತ್ತು ಕಿಲೋ ಬೆಳೀತಾನೆ. ಎಂಟು ಕಿಲೋ ದೇಶದೊಳಗೆ, ಎರಡು ಕಿಲೋ ಹೊರಗೆ. ದುಬೈ ವ್ಯಾಪಾರಿ ಕಿಲೋಗೆ 42 ರೂಪಾಯಿ ಕೊಡೋಕೆ ರೆಡಿ, ಅದಕ್ಕಿಂತ ಹೆಚ್ಚಾದರೆ ಬೇರೆ ದೇಶದಿಂದ ತರಿಸ್ಕೋತಾನೆ. ಹೊರಗೆ 42 ಸಿಗೋವಾಗ ರೈತ ವಾಶಿಗೆ ಕಡಿಮೆಗೆ ಯಾಕೆ ಕೊಡ್ತಾನೆ? ಹಾಗಾಗಿ ನಮಗೂ 42. ಸಾಗಣೆ ಖರ್ಚು ಸದ್ಯ ಬಿಡಿ.

ಈಗ ಶೇ 40 ಸುಂಕ ಬಂತು. ದುಬೈಯವನು ಕೊಡೋದು ಅದೇ 42. ಅದರಲ್ಲಿ 12 ಸುಂಕಕ್ಕೆ ಹೋದರೆ ರೈತನ ಕೈಗೆ 30. ಹೊರಗೆ ಮಾರಿದರೆ 30 ಮಾತ್ರ ಸಿಗುತ್ತೆ ಅಂದಮೇಲೆ ಒಳಗಿನ ಬೆಲೆಯೂ 30ಕ್ಕೆ ಇಳಿಯುತ್ತೆ. ಇಲ್ಲಿ ಗಮನಿಸಿ: ಸುಂಕ ಹಾಕಿದ್ದು ಎರಡು ಕಿಲೋ ಮೇಲೆ, ಬೆಲೆ ಇಳಿದಿದ್ದು ಹತ್ತೂ ಕಿಲೋಗೆ.

ಹತ್ತನೇ ಕಿಲೋ ಬೆಳೆಯೋಕೆ ರೈತನಿಗೆ 36 ರೂಪಾಯಿ ಖರ್ಚಿತ್ತು ಅಂದ್ಕೊಳ್ಳಿ. 42 ಸಿಗೋವಾಗ ಅದರಲ್ಲಿ 6 ರೂಪಾಯಿ ಉಳೀತಿತ್ತು. 30ಕ್ಕೆ ಅದು ನಷ್ಟ, ಹಾಗಾಗಿ ಮುಂದಿನ ಸಲ ಅದನ್ನ ಬೆಳೆಯೋದೇ ಇಲ್ಲ. ಈಗ ಒಂಬತ್ತೇ ಕಿಲೋ: ಎಂಟು ಒಳಗೆ, ಒಂದು ಹೊರಗೆ.

ಲೆಕ್ಕ ಮುಗಿಸೋಣ. ರೈತನಿಗೆ ಹೋಗಿದ್ದು: ಒಂಬತ್ತು ಕಿಲೋಗೆ 12ರಂತೆ 108, ಜೊತೆಗೆ ಆ 6, ಒಟ್ಟು 114. ನಮಗೆ ಉಳಿದಿದ್ದು: ಎಂಟು ಕಿಲೋಗೆ 96. ಸರ್ಕಾರಕ್ಕೆ ಬಂದಿದ್ದು: 12. ನಮ್ಮದು, ಸರ್ಕಾರದ್ದು ಕೂಡಿದರೆ 108. ಉಳಿದ 6 ರೂಪಾಯಿ ಯಾರ ಜೇಬಿಗೂ ಹೋಗಲಿಲ್ಲ, ಸುಮ್ಮನೆ ಆವಿಯಾಯ್ತು. ಅರ್ಥಶಾಸ್ತ್ರದವರು ವ್ಯಾಪಾರ ನಿರ್ಬಂಧವನ್ನ ಕಂಡರೆ ಮುಖ ಸಿಂಡರಿಸೋದು ಈ 6 ರೂಪಾಯಿಗಾಗಿ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಆ 96. ಅದು ರೈತನ ಜೇಬಿನಿಂದ ನೇರ ನಮ್ಮ ಜೇಬಿಗೆ ಬಂದ ದುಡ್ಡು. ಯಾವ ಬಜೆಟ್‌ನಲ್ಲೂ ಅದಕ್ಕೆ ಒಂದು ಸಾಲಿಲ್ಲ.

ಪೂರ್ತಿ ನಿಷೇಧ ಇನ್ನೂ ಕಷ್ಟ. ಬೆಳೆ ಆಗಲೇ ಕಿತ್ತಾಗಿದೆ, ಕಡಿಮೆ ಬೆಳೆಯೋ ಆಯ್ಕೆ ಇಲ್ಲ. ಹತ್ತೂ ಕಿಲೋ ಒಳಗಿನ ಮಾರುಕಟ್ಟೆಗೇ ಬರಬೇಕು, ಬೆಲೆ 30ಕ್ಕೂ ನಿಲ್ಲಲ್ಲ. ಡಿಸೆಂಬರ್ ಅಂದ್ರೆ ಮುಂಗಾರು ಬೆಳೆ ಬರೋ ಹೊತ್ತು, ಅದು ಹೆಚ್ಚು ದಿನ ಇಟ್ಟರೆ ಕೆಡುತ್ತೆ. ಹಿಂಗಾರಿ ಈರುಳ್ಳಿಯನ್ನಾದರೆ ನಾಸಿಕದವರು ಕಾಂದಾ ಚಾಳ್ ಅನ್ನೋ ಗಾಳಿಯಾಡುವ ಶೆಡ್‌ನಲ್ಲಿ ತಿಂಗಳುಗಟ್ಟಲೆ ಇಡ್ತಾರೆ. ಮುಂಗಾರಿನದಕ್ಕೆ ಆ ಅನುಕೂಲವೂ ಇಲ್ಲ.

ಆಮದು ಸುಂಕ ಇದರ ಕನ್ನಡಿ. ಅದು ಒಳಗಿನ ಬೆಲೆ ಏರಿಸುತ್ತೆ, ಕೊಳ್ಳುವವನು ಕೊಡ್ತಾನೆ. 2024ರ ಜುಲೈ ಬಜೆಟ್‌ನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ 6ಕ್ಕೆ ಬಂದಾಗ ಝವೇರಿ ಬಜಾರಲ್ಲೂ ರೇಟು ಇಳೀತಲ್ಲ, ಅದೇ.

ನಮ್ಮ ಕಡೆಯ ಗುಲಾಬಿ ಈರುಳ್ಳಿ

ಈ ಲೆಕ್ಕಕ್ಕೆ ಕರ್ನಾಟಕದಲ್ಲೇ ಒಂದು ಪರೀಕ್ಷೆ ಇದೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯೋ ಬೆಂಗಳೂರು ರೋಸ್ ಈರುಳ್ಳಿ. ಚಿಕ್ಕದು, ಖಾರ ಜಾಸ್ತಿ. ನಮ್ಮಲ್ಲಿ ಹೆಚ್ಚು ತಿನ್ನಲ್ಲ, ಹೋಗೋದೆಲ್ಲ ಮಲೇಷ್ಯಾ, ಸಿಂಗಾಪುರ, ಶ್ರೀಲಂಕಾ ಕಡೆಗೆ. ಜಿಐ ಟ್ಯಾಗ್ ಕೂಡ ಇದೆ.

ಇದರ ರಫ್ತು ತಡೆದರೆ ನಮ್ಮ ಲೆಕ್ಕದ ಎಂಟು ಕಿಲೋ ಹತ್ತಿರ ಹತ್ತಿರ ಸೊನ್ನೆ. ಗ್ರಾಹಕನಿಗೆ ಏನೂ ಸಿಗಲ್ಲ, ರೈತನ ನಷ್ಟ ಮಾತ್ರ ಪೂರ್ತಿ. ಇದು ಸರ್ಕಾರಕ್ಕೂ ಗೊತ್ತಿತ್ತು. 2019ರ ಸೆಪ್ಟೆಂಬರಿನಲ್ಲಿ ನಿಷೇಧ ಹಾಕಿ, ಅಕ್ಟೋಬರಿನಲ್ಲಿ ಇದನ್ನ 9,000 ಟನ್ ತನಕ ಚೆನ್ನೈ ಬಂದರಿನಿಂದ ಕಳಿಸಬಹುದು ಅಂದರು. 2023ರಲ್ಲಿ ಶೇ 40 ಸುಂಕದಿಂದ ವಿನಾಯಿತಿ ಸಿಕ್ಕಿದ್ದು ಸೆಪ್ಟೆಂಬರ್ 29ಕ್ಕೆ, ಅದೂ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಮಾತ್ರ. ಅಂದ್ರೆ ಸುಂಕ ಬಂದು ನಲವತ್ತು ದಿನ ಆದಮೇಲೆ. ಮೊದಲು ಎಲ್ಲದಕ್ಕೂ ಗೇಟು ಹಾಕೋದು, ಆಮೇಲೆ ಯಾರು ಬಂದು ಬಾಗಿಲು ತಟ್ಟುತ್ತಾರೋ ಅವರಿಗೆ ಕಿಟಕಿ ತೆಗೆಯೋದು. ತಟ್ಟೋ ಶಕ್ತಿ ಇರೋರಿಗೆ ಇದು ಸರಿಹೋಗುತ್ತೆ. ಇಲ್ಲದವರಿಗೆ?

2024ರ ಏಪ್ರಿಲಿನಲ್ಲಿ ಗುಜರಾತಿನ 2,000 ಟನ್ ಬಿಳಿ ಈರುಳ್ಳಿಗೆ ಅನುಮತಿ ಸಿಕ್ಕಾಗ ಮಹಾರಾಷ್ಟ್ರದ ರೈತರು ಸಿಟ್ಟಿಗೆದ್ದಿದ್ದು ಇದಕ್ಕೇ.

ಕೊಳ್ಳುವವರು ಕಾಯ್ತಾ ಕೂರಲ್ಲ

2019ರಲ್ಲಿ ಆಗಿನ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದೆಹಲಿಗೆ ಬಂದಿದ್ದಾಗ ಹಿಂದಿಯಲ್ಲೇ ತಮಾಷೆ ಮಾಡಿದ್ದರು: ಅಡುಗೆಯವನಿಗೆ ಈರುಳ್ಳಿ ಹಾಕಬೇಡ ಅಂತ ಹೇಳಿಬಿಟ್ಟೆ, ಮುಂದಿನ ಸಲ ಮೊದಲೇ ತಿಳಿಸಿ ಅಂತ. ನಗು ಬಂದರೂ ಮಾತು ಗಂಭೀರವೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನೋಟಿಸ್ ಇಲ್ಲದೆ ಎಪಿಐ ಆಫ್ ಮಾಡಿದ ಹಾಗೆ. ಒಂದೆರಡು ಸಲ ಹಾಗಾದರೆ ಕ್ಲೈಂಟ್ ಬೇರೆ ವೆಂಡರ್ ಹುಡುಕ್ತಾನೆ. ಈರುಳ್ಳಿಯಲ್ಲೂ ಪಾಕಿಸ್ತಾನ, ಈಜಿಪ್ಟ್ ಆ ಜಾಗಕ್ಕೆ ಕಾಯ್ತಾನೇ ಇರ್ತವೆ.

ನಮಗೇ ಹೀಗೆ ಮಾಡಿದರೆ?

ಐರೋಲಿಯಲ್ಲೋ ಪೊವಾಯಿಯಲ್ಲೋ ಕೂತು ಕೋಡ್ ಬರೆಯೋ ನಾವೂ ರಫ್ತುದಾರರೇ. ನಾಳೆ ಬೆಳಿಗ್ಗೆ ಒಂದು ಆದೇಶ ಬಂತು ಅಂದ್ಕೊಳ್ಳಿ: ದೇಶದೊಳಗೆ ಎಂಜಿನಿಯರ್‌ಗಳ ಕೊರತೆ, ಸಂಬಳ ವಿಪರೀತ ಏರಿದೆ, ಆದ್ದರಿಂದ ನಾಲ್ಕು ತಿಂಗಳು ವಿದೇಶಿ ಕ್ಲೈಂಟ್‌ಗೆ ಯಾರೂ ಕೆಲಸ ಮಾಡುವಂತಿಲ್ಲ. ಇಲ್ಲಿಯ ಕಂಪನಿಗಳಿಗೆ ಅಗ್ಗಕ್ಕೆ ಸಾಫ್ಟ್‌ವೇರ್ ಸಿಗುತ್ತೆ. ನಮ್ಮ ಹೋಮ್ ಲೋನ್ ಇಎಂಐ ಮಾತ್ರ ಅಷ್ಟೇ ಇರುತ್ತೆ. ನಾವು ಒಪ್ತೀವಾ? ಬೆಳೆಸಾಲ ಮಾಡಿರೋ ರೈತನ ಕಂತೂ ಅಷ್ಟೇ ಇತ್ತು.

ಹಾಗಂತ ಇನ್ನೊಂದು ಮುಖ ಇಲ್ಲ ಅಂತಲ್ಲ. ಧಾರಾವಿಯಲ್ಲೋ ಮಾನ್‌ಖುರ್ದ್‌ನಲ್ಲೋ ದಿನಗೂಲಿ ಮೇಲೆ ಮನೆ ನಡೆಸೋರಿಗೆ ಈರುಳ್ಳಿ 80 ರೂಪಾಯಿ ಆದರೆ ಅದು ನಿಜವಾದ ಪೆಟ್ಟು. ಸರ್ಕಾರ ಸುಮ್ಮನಿರಬೇಕು ಅಂತ ನಾನು ಹೇಳ್ತಿಲ್ಲ. ಪ್ರಶ್ನೆ ಅವರಿಗೆ ಸಹಾಯ ಮಾಡೋ ದುಡ್ಡು ಯಾರದ್ದು ಅನ್ನೋದು. 2023ರಲ್ಲೇ ಸರ್ಕಾರ ದಾಸ್ತಾನಿನ ಗುರಿಯನ್ನ 3 ಲಕ್ಷ ಟನ್ನಿಂದ 5 ಲಕ್ಷಕ್ಕೆ ಏರಿಸಿ, ನಾಫೆಡ್, ಎನ್‌ಸಿಸಿಎಫ್ ಮೂಲಕ ಕ್ವಿಂಟಲ್‌ಗೆ 2,410 ರೂಪಾಯಿಯಂತೆ ಕೊಂಡು, ನಗರಗಳಲ್ಲಿ ಕಿಲೋಗೆ 25ರಂತೆ ಮಾರಿತು. ಈ ದಾರಿಯಲ್ಲಿ ಖರ್ಚು ಖಜಾನೆಯದ್ದು. ಅಂದ್ರೆ ನಮ್ಮೆಲ್ಲರ ತೆರಿಗೆಯದ್ದು, ಲೆಕ್ಕಕ್ಕೂ ಸಿಗುತ್ತೆ. ನಿಷೇಧದಲ್ಲಿ ಅದೇ ಖರ್ಚು ಈರುಳ್ಳಿ ಬೆಳೆದವನೊಬ್ಬನದ್ದೇ. ಅದರ ಲಾಭ ಧಾರಾವಿಯವರಿಗೆ ಎಷ್ಟೋ, 35ನೇ ಮಹಡಿಯವರಿಗೂ ಅಷ್ಟೇ.

ನಮ್ಮಲ್ಲಿ ಎಷ್ಟೋ ಜನರ ಊರ ಮನೆಯಲ್ಲಿ ಈಗಲೂ ಉಳ್ಳಾಗಡ್ಡಿ ಬೆಳೀತಾರೆ. ತಿಂಗಳ ಕೊನೆಗೆ ನಾವು ಊರಿಗೆ ಕಳಿಸೋ ದುಡ್ಡಿನಲ್ಲಿ ಸ್ವಲ್ಪ ಭಾಗ ಅವರದ್ದೇ, ಸೂಪರ್‌ಮಾರ್ಕೆಟ್ ಬಿಲ್ಲಿನಲ್ಲಿ ನಮಗೆ ಉಳಿದಿದ್ದು.

2023ರ ಡಿಸೆಂಬರಿನಲ್ಲಿ ನಿಮ್ಮ ಮನೆಯವರು ಈರುಳ್ಳಿ ಮಾರಿದ್ದರೆ, ಯಾವ ಮಾರುಕಟ್ಟೆ, ಕ್ವಿಂಟಲ್‌ಗೆ ಎಷ್ಟು ಸಿಕ್ತು ಅಂತ ಫೋನ್ ಮಾಡಿ ಕೇಳಿ, ಕೆಳಗೆ ಬರೀರಿ. ಮುಂದಿನ ವಾರ ಇದೇ ಹತ್ತು ಕಿಲೋ ಲೆಕ್ಕವನ್ನ ಅಡುಗೆ ಎಣ್ಣೆಯ ಆಮದು ಸುಂಕಕ್ಕೆ ಹಚ್ಚಿ ನೋಡೋಣ. ಅಲ್ಲಿ ಬಿಲ್ ಕಟ್ಟೋರು ನಾವು.