ಒಂದು ಒತ್ತಿ ಎಂಟರ್ ಹೊಡೆ

ತೊಂಬತ್ತರ ದಶಕದ ಆರಂಭದಲ್ಲಿ ಮುಂಬಯಿಯ ಫೋರ್ಟಿನ ಒಂದು ಸಣ್ಣ ಆಫೀಸಿಗೆ ನಾನು ಸೇರಿದಾಗ ಅಲ್ಲಿದ್ದುದು ಒಂದೇ ಕಂಪ್ಯೂಟರ್. ಅದರ ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಒಂದು ಚೀಟಿ ಅಂಟಿಸಿದ್ದರು. 1 ಪತ್ರ, 2 ಲೆಕ್ಕ, 3 ಸಂಬಳ. ಡಾಸ್‌ನ ಕಪ್ಪು ಪರದೆಯಲ್ಲಿ ಕರ್ಸರ್ ಮಿನುಗುತ್ತಿರುವಾಗ 1 ಒತ್ತಿ ಎಂಟರ್ ಹೊಡೆದರೆ ವರ್ಡ್‌ಸ್ಟಾರ್ ಬರುತ್ತಿತ್ತು, 2 ಒತ್ತಿದರೆ ಲೋಟಸ್. ಕಂಪ್ಯೂಟರಿಗೆ ಇದೆಲ್ಲ ಹುಟ್ಟಿನಿಂದಲೇ ಗೊತ್ತು ಎಂದುಕೊಂಡಿದ್ದೆ. ನಮ್ಮ ಹಿರಿಯ ಅಕೌಂಟೆಂಟ್, ಉಡುಪಿ ಕಡೆಯವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು, ಒಂದು ಸಂಜೆ ಒಳಗುಟ್ಟು ತೋರಿಸಿಕೊಟ್ಟರು. “ಇಕೊಳ್ಳಿ ಮಾರಾಯ್ರೆ, ಇಷ್ಟೇ.” 1.ಬ್ಯಾಟ್ ಎಂಬ ಪುಟ್ಟ ಫೈಲು, ಒಳಗೆ ಮೂರೇ ಸಾಲು: ವರ್ಡ್‌ಸ್ಟಾರ್ ಇರುವ ಡೈರೆಕ್ಟರಿಗೆ ಹೋಗು, ಡಬ್ಲ್ಯುಎಸ್ ಓಡಿಸು, ಮುಗಿದ ಮೇಲೆ ಹೊರಟಲ್ಲಿಗೆ ವಾಪಸ್ ಬಾ.

ಒಂದು ಪ್ರೋಗ್ರಾಮನ್ನು ತೆರೆಯಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ಈ ಪ್ರಶ್ನೆ ನನ್ನ ಆಫೀಸಿಗಿಂತ ಹಳೆಯದು, ಈ ಊರಿಗೂ ಹಳೆಯದೇ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ತಂಡ ಕಟ್ಟಿದ ಟಿಫ್ರ್ಯಾಕ್ 1960ರಲ್ಲಿ ಕೆಲಸಕ್ಕೆ ನಿಂತಿತು. ನಮ್ಮವರೇ ರೂಪಿಸಿ ಕಟ್ಟಿದ ಆ ಯಂತ್ರಕ್ಕೆ ಪ್ರೋಗ್ರಾಮ್ ಉಣಿಸುತ್ತಿದ್ದುದು ತೂತು ಹೊಡೆದ ಕಾಗದದ ಪಟ್ಟಿಯಿಂದ. 1964ರಲ್ಲಿ ಅಲ್ಲಿಗೆ ಅಮೆರಿಕದ ಸಿಡಿಸಿ 3600 ಬಂತು. ಆಗ ಕಾರ್ಡಿನ ಕಟ್ಟು ಕೊಟ್ಟು ಸರದಿ ಕಾಯಬೇಕು. ಪ್ರೋಗ್ರಾಮ್ ಓಡಿಸುವುದೆಂದರೆ ಅದೇ ಒಂದು ದಿನದ ಕೆಲಸ. ಅದನ್ನು ನೆನೆದರೆ ನಮ್ಮ ಆಫೀಸಿನ 1.ಬ್ಯಾಟ್ ಎಷ್ಟು ದೊಡ್ಡ ಸೌಕರ್ಯ ಎಂಬುದು ತಿಳಿಯುತ್ತದೆ.

1995ರ ಆಗಸ್ಟ್ 24ರಂದು ಅಮೆರಿಕದಲ್ಲಿ ವಿಂಡೋಸ್ 95 ಬಿಡುಗಡೆಯಾಯಿತು. ಮುಂದೆ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರುಗಳಲ್ಲೆಲ್ಲ ಎಡ ಮೂಲೆಯಲ್ಲಿ ಸ್ಟಾರ್ಟ್ ಬಟನ್. ಅದಕ್ಕೆ ಮುಂಚಿನ ವಿಂಡೋಸಿನಲ್ಲಿ ಹೊಸಬರು ಡಬಲ್ ಕ್ಲಿಕ್ ಮಾಡಲು ತಡವರಿಸುತ್ತಿದ್ದರು, ಒಂದು ಕಿಟಕಿಯ ಹಿಂದೆ ಅಡಗಿದ ಇನ್ನೊಂದನ್ನು ಕಾಣದೆ ಕಂಗಾಲಾಗುತ್ತಿದ್ದರು. ಜನರನ್ನು ಕೂರಿಸಿ ನೋಡಿದಾಗ ಮೈಕ್ರೋಸಾಫ್ಟಿಗೆ ಇದು ಗೊತ್ತಾಗಿ ಆ ಬಟನ್ ಹುಟ್ಟಿತು. ಹೊಸಬರಿಗೆ ಅದು ಉಪಕಾರವೇ. ಆದರೆ ಸ್ಟಾರ್ಟ್, ಪ್ರೋಗ್ರಾಮ್ಸ್, ಅದರೊಳಗೊಂದು ಫೋಲ್ಡರ್, ಅದರೊಳಗೆ ಬೇಕಾದ ಹೆಸರು ಎಂದು ಮೌಸ್ ಹಿಡಿದು ಇಳಿಯುವಾಗ ನನಗೆ ನಮ್ಮ ಅಕೌಂಟೆಂಟರ ಚೀಟಿಯೇ ನೆನಪಾಗುತ್ತಿತ್ತು.

ನನ್ನ ಅಸಮಾಧಾನಕ್ಕೆ ಲೆಕ್ಕದ ಆಧಾರವಿದೆ ಎಂದು ತಿಳಿದದ್ದು ಬಹಳ ತಡವಾಗಿ. ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್, ಆಲನ್ ನ್ಯೂವೆಲ್ ಎಂಬ ಮೂವರು 1980ರಲ್ಲೇ ಇದನ್ನು ಅಳೆದಿಟ್ಟಿದ್ದರು. ಸಾಧಾರಣ ಟೈಪಿಸ್ಟಿಗೆ ಒಂದು ಕೀ ಒತ್ತಲು 0.28 ಸೆಕೆಂಡು. ಕೀಬೋರ್ಡಿನಿಂದ ಮೌಸಿಗೆ ಕೈ ಹೋಗಲು 0.4. ಮೌಸಿನಿಂದ ಒಂದು ಗುರಿ ಮುಟ್ಟಲು 1.1, ಕ್ಲಿಕ್ ಮಾಡಲು 0.2. ಏನು ಮಾಡಬೇಕೆಂದು ಮನಸ್ಸು ಅಣಿಯಾಗಲು 1.35. ನಾಲ್ಕು ಕ್ಲಿಕ್ಕಿನ ಸ್ಟಾರ್ಟ್ ಮೆನು ದಾರಿಗೆ ಈ ಲೆಕ್ಕದಲ್ಲಿ ಕೈಯ ಕೆಲಸವೇ 5.6 ಸೆಕೆಂಡು. ವಿಂಡೋಸ್ ಕೀ, ಪ್ರೋಗ್ರಾಮಿನ ಹೆಸರಿನ ಮೂರು ಅಕ್ಷರ, ಎಂಟರ್ ಎಂದರೆ ಐದು ಒತ್ತು, 1.4 ಸೆಕೆಂಡು. ದಿನಕ್ಕೆ ಐವತ್ತು ಸಲ ಪ್ರೋಗ್ರಾಮ್ ಬದಲಿಸುವವರಿಗೆ ಇದು ಸಣ್ಣ ವಿಷಯವಲ್ಲ. ಹೊತ್ತಿಗಿಂತಲೂ ಹೆಚ್ಚಾಗಿ, ಬರೆಯಬೇಕೆಂದಿದ್ದ ವಾಕ್ಯ ಮೆನು ಹುಡುಕುವಷ್ಟರಲ್ಲಿ ತಲೆಯಿಂದ ಜಾರಿಹೋಗುತ್ತದೆ. ಆ ನಷ್ಟ ನನ್ನನ್ನು ನಿಜಕ್ಕೂ ಕಾಡಿದೆ.

ಹೆಸರಿನ ಒಂದೆರಡು ಅಕ್ಷರ ಟೈಪಿಸಿ ತೆರೆಯುವ ಈ ದಾರಿ ಆಪಲ್ ಕಂಪ್ಯೂಟರಿಗೆ 2005ರಲ್ಲಿ ಸ್ಪಾಟ್‌ಲೈಟ್ ಆಗಿ ಬಂತು, ಎರಡು ವರ್ಷ ತಡೆದು ವಿಂಡೋಸ್ ವಿಸ್ಟಾದ ಸ್ಟಾರ್ಟ್ ಮೆನುವಿಗೂ ಬಂತು. ಡಾಸ್ ಕಾಲದ ಹಾಗೆ ಮತ್ತೆ ಹೆಸರು ಹಿಡಿದು ಕರೆಯುವುದು. ನಾನು ಹಿಗ್ಗಿದೆ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅಲ್ಲೊಂದು ತೊಡಕಿತ್ತು.

ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವೇ ನನ್ನ ಬೆರಳಿಗೆ ಒಗ್ಗಿದ್ದು. ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ದುಡಿದ ಅವರು ಒತ್ತು ಉಳಿಸುವ ವಿದ್ಯೆ ಬಲ್ಲವರು. ‘ಕ’ಗೆ ಒಂದೇ ಕೀ ಸಾಕು, ಅಕಾರ ಅದರೊಳಗೇ ಇರುತ್ತದೆ. ‘ಕನ್ನಡ’ ಎಂದು ಬರೆಯಲು ಐದು ಒತ್ತು. ಇಂಗ್ಲಿಷ್ ಸ್ಪೆಲ್ಲಿಂಗಿನಂತೆ ಹೊಡೆದರೆ ಏಳು. ಕನ್ನಡದಲ್ಲಿ ಬರೆಯುತ್ತಿರುವಾಗ ವಿಂಡೋಸ್ ಕೀ ಒತ್ತಿ ‘ವರ್ಡ್’ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರ ಹೊಡೆದರೆ ಹುಡುಕುವ ಪೆಟ್ಟಿಗೆಯಲ್ಲಿ ಮೂಡುವುದು ‘ಡೊರದ’. ಅಂಥ ಪ್ರೋಗ್ರಾಮ್ ಯಾವುದೂ ಇಲ್ಲ. ಅಳಿಸಿ, ಭಾಷೆ ಬದಲಿಸಿ, ಮತ್ತೆ ಹೊಡೆದು, ತೆರೆದ ಮೇಲೆ ಮತ್ತೆ ಕನ್ನಡಕ್ಕೆ ಬರಬೇಕು. ಉಳಿಸಿದ ಸೆಕೆಂಡುಗಳೆಲ್ಲ ಅಲ್ಲೇ ಸೋರಿಹೋಗುತ್ತವೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಒಂದೇ ಕೂತಿನಲ್ಲಿ ಹೊಡೆಯುವ ಇಲ್ಲಿನ ಡಿಟಿಪಿ ಹುಡುಗರಿಗೆ ಈ ಕಾಟ ಮೂರು ಪಟ್ಟು.

ಪರಿಹಾರ 2009ರ ವಿಂಡೋಸ್ 7ರಲ್ಲೇ ಇತ್ತು, ನಾನು ಕಂಡದ್ದು ಆಮೇಲೆ. ಪ್ರೋಗ್ರಾಮನ್ನು ಕೆಳಗಿನ ಟಾಸ್ಕ್‌ಬಾರಿಗೆ ಪಿನ್ ಮಾಡಿಟ್ಟರೆ ವಿಂಡೋಸ್ ಕೀ ಜೊತೆ 1 ಒತ್ತಿದಾಗ ಸಾಲಿನ ಮೊದಲನೆಯದು, 2 ಒತ್ತಿದಾಗ ಎರಡನೆಯದು ತೆರೆಯುತ್ತದೆ. ಎರಡೇ ಒತ್ತು. ಅಂಕಿಗೆ ಭಾಷೆಯ ಹಂಗಿಲ್ಲ, ಕೀಬೋರ್ಡ್ ಕನ್ನಡದಲ್ಲಿರಲಿ ಮರಾಠಿಯಲ್ಲಿರಲಿ.

ಷರತ್ತು ಒಂದೇ, ಜಾಗ ಕದಲಬಾರದು. ಇದನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಿಯುವ ಸ್ಟೇಷನ್ನಿನ ಬ್ರಿಡ್ಜಿನ ಎದುರಿಗೆ ಯಾವ ಡಬ್ಬಿಯ ಬಾಗಿಲು ಬರುತ್ತದೆಂದು ತಿಳಿದು ಹತ್ತುವ ಸ್ಟೇಷನ್ನಿನಲ್ಲೇ ಆ ಜಾಗದಲ್ಲಿ ನಿಲ್ಲುವವರು ನಾವು. 2023ರ ಡಿಸೆಂಬರಿನಲ್ಲಿ ದಾದರಿನ ಸೆಂಟ್ರಲ್ ಲೈನಿನ ಪ್ಲಾಟ್‌ಫಾರ್ಮುಗಳಿಗೆ 8ರಿಂದ 14ರವರೆಗೆ ಹೊಸ ನಂಬರ್ ಕೊಟ್ಟರು. ಕಾಲು ತನ್ನ ಪಾಡಿಗೆ ಹಳೆಯ ಜಾಗಕ್ಕೇ ಹೋಗುತ್ತಿತ್ತು, ಬೋರ್ಡ್ ಓದಿದ ತಲೆ ಮಾತ್ರ ತಬ್ಬಿಬ್ಬಾಗುತ್ತಿತ್ತು. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ಕಿತ್ತುಹಾಕಿದಾಗ ತಬ್ಬಿಬ್ಬಾದದ್ದು ಕೈಯೇ. ಜನರ ಗೊಣಗಾಟ ಕೇಳಿ ಮರುವರ್ಷ ಅದನ್ನು ವಾಪಸ್ ಕೊಟ್ಟರು. ಕೈ ಕಲಿತದ್ದನ್ನು ಕಿತ್ತುಕೊಳ್ಳುವ ಮೊದಲು ಸಾಫ್ಟ್‌ವೇರ್ ಮಾಡುವವರು ನೂರು ಸಲ ಯೋಚಿಸಬೇಕು.

ಈಗ ಡೊಂಬಿವಲಿಯ ನಮ್ಮ ಸಂಘದ ವಾರ್ಷಿಕ ವರದಿ ಟೈಪ್ ಮಾಡುವುದು ನನ್ನ ಪಾಲಿನ ಕೆಲಸ. ಕಾಲೇಜಿನ ಹುಡುಗಿಯೊಬ್ಬಳು ರವಿವಾರ ಬಂದು ಲೆಕ್ಕದ ಹಾಳೆ ತುಂಬುತ್ತಾಳೆ. ಟಾಸ್ಕ್‌ಬಾರಿನ ಸಾಲು ಸರಿಮಾಡಿ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ: 1 ವರದಿ, 2 ಲೆಕ್ಕ, 3 ಸದಸ್ಯರ ಪಟ್ಟಿ. “ಅಂಕಲ್, ಇದನ್ನು ಯಾರು ಹೇಳಿಕೊಟ್ಟರು?” ಎಂದು ಅವಳು ಕೇಳಿದಳು. ನಮ್ಮ ಅಕೌಂಟೆಂಟರ ಹೆಸರು ಹೇಳಿದೆ.